ಆರನೆಯ ಕಮಾನಿನ ಕೆಳಗೆ

ಇಂಥ ಅನುಭವಗಳನ್ನು ಯಾರಾದರೂ ಬರೆದಾಗ ನಾನು ಮೊದಲು ಹುಡುಕುತ್ತಿದ್ದುದು ಅದರೊಳಗಿನ ತಪ್ಪನ್ನು. ದಿನ ತಪ್ಪಿರಬಹುದು, ನೆನಪು ಮೋಸ ಮಾಡಿರಬಹುದು, ಆಮೇಲೆ ತಿಳಿದದ್ದನ್ನು ಮೊದಲೇ ತಿಳಿದಿತ್ತು ಎಂದುಕೊಂಡಿರಬಹುದು. ಹೆಚ್ಚಿನ ಸಲ ಹಾಗೆಯೇ ಇರುತ್ತದೆ ಎಂದು ಈಗಲೂ ನಂಬುತ್ತೇನೆ. ತಪ್ಪು ಹುಡುಕುವುದು ನನ್ನ ಉದ್ಯೋಗವೂ ಹೌದು. ಆದ್ದರಿಂದಲೇ ನನಗಾದದ್ದನ್ನು ಬರೆಯಲು ನಾಲ್ಕು ವರ್ಷ ಹಿಂಜರಿದೆ. ಮನೆಯ ವಿಷಯವನ್ನು ಹೊರಗೆ ಹೇಳುವ ಅಭ್ಯಾಸ ನನಗಿಲ್ಲ ಎಂಬುದೂ ಒಂದು ಕಾರಣ.

ಆಗ ನಾವು ಸೌದಿಯ ಜೆದ್ದಾದಲ್ಲಿ, ಅಜೀಜಿಯಾ ಬಡಾವಣೆಯ ಮೂರನೆಯ ಮಹಡಿಯ ಮನೆಯೊಂದರಲ್ಲಿದ್ದೆವು. ಅಪ್ಪ, ಅಮ್ಮ, ನಾನು. ಕಲಾ ಇತಿಹಾಸದಲ್ಲಿ ಎಂ.ಎ. ಮುಗಿಸಿ ಬಂದಿದ್ದ ನಾನು ಮನೆಯಿಂದಲೇ ಒಂದು ಪ್ರಕಾಶನ ಸಂಸ್ಥೆಗೆ ಕೆಲಸ ಮಾಡುತ್ತಿದ್ದೆ. ಯುರೋಪಿನ ಪುನರುಜ್ಜೀವನ ಕಾಲದ ಕಲೆ ಮತ್ತು ವಾಸ್ತುಶಿಲ್ಪದ ಬಗ್ಗೆ ವಿದ್ಯಾರ್ಥಿಗಳಿಗಾಗಿ ಅವರು ದೊಡ್ಡ ಆಕರ ಗ್ರಂಥವೊಂದನ್ನು ಸಿದ್ಧಪಡಿಸುತ್ತಿದ್ದರು. ಅದರ ನೂರಾರು ಚಿತ್ರಗಳನ್ನು ಅವುಗಳ ಅಡಿಬರಹದೊಂದಿಗೆ ಹೋಲಿಸಿ ನೋಡುವುದು ನನ್ನ ಪಾಲಿಗೆ ಬಂದಿತ್ತು. ಅಡಿಬರಹದಲ್ಲಿ ನಾಲ್ಕು ಕಂಬ ಎಂದಿದ್ದರೆ ಚಿತ್ರದಲ್ಲೂ ನಾಲ್ಕಿರಬೇಕು. ಇಂಥ ಪುಸ್ತಕಗಳಲ್ಲಿ ಚಿತ್ರ ಎಡಬಲ ತಿರುಗಿ ಅಚ್ಚಾಗುವುದುಂಟು. ಸಂತನೊಬ್ಬ ಎಡಗೈಯಲ್ಲಿ ಆಶೀರ್ವಾದ ಮಾಡುತ್ತಿದ್ದರೆ ನಾವು ಎಚ್ಚರಗೊಳ್ಳುತ್ತೇವೆ. ಪುಟದ ಅಳತೆಗೆ ಹೊಂದಿಸಲು ಚಿತ್ರದ ಅಂಚನ್ನು ಕತ್ತರಿಸುವುದು ಇನ್ನೊಂದು ತೊಂದರೆ. ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಅಪ್ಪ ಮೂವತ್ತು ವರ್ಷ ಕಟ್ಟಡ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವರು. ಗ್ಲಾಕೋಮಾದಿಂದ ದೃಷ್ಟಿ ವರ್ಷದಿಂದ ವರ್ಷಕ್ಕೆ ಇಳಿದು, ಆ ಹೊತ್ತಿಗೆ ಹಗಲಿನ ಬೆಳಕು ಮಾತ್ರ ಗೊತ್ತಾಗುತ್ತಿತ್ತು. ಹಳೆಯ ವಿಶ್ವಾಸಕ್ಕೆ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಸೌದಿ ಧಣಿ, ಅಲ್ಲಿರಲು ಬೇಕಾದ ಇಕಾಮಾ ಪರವಾನಗಿಯನ್ನು ಮುಂದುವರಿಸಿದ್ದರು. ಪ್ರತಿದಿನ ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಮುಗಿದ ಮೇಲೆ ನಾನು ಅಂದಿನ ಚಿತ್ರಗಳನ್ನು ಅಪ್ಪನಿಗೆ ವಿವರಿಸುತ್ತಿದ್ದೆ. ಅದು ಅವರಿಗೆ ಕಾಲಕ್ಷೇಪ, ನನಗೆ ಪರೀಕ್ಷೆ. ನನ್ನ ಮಾತು ಕೇಳಿ ಅವರು ತಲೆಯಲ್ಲೇ ಆ ಕಟ್ಟಡ ಕಟ್ಟಿಕೊಂಡರೆ ಅಡಿಬರಹ ಸರಿಯಿದೆ ಎಂದು ಲೆಕ್ಕ.

"ಸುಂದರವಾದ ಕಂಬ ಅಂದ್ರೆ ಎಂತ? ಎತ್ತರಕ್ಕೆ ದಪ್ಪ ಎಷ್ಟು, ಅದು ಹೇಳು ಮಾರಾಯ್ತಿ," ಎಂದು ಗದರುತ್ತಿದ್ದರು.

ಕೆಲವು ತಿಂಗಳಿಂದ ಅಪ್ಪನಿಗೆ ಇಲ್ಲದ್ದು ಕಾಣತೊಡಗಿತ್ತು. ಗೋಡೆಯ ಮೇಲೆ ನೀಲಿ ಯೂನಿಫಾರ್ಮಿನ ಪುಟ್ಟ ಜನರ ಸಾಲು, ಊಟದ ಮೇಜಿನ ಮೇಲೆ ಒಂದು ಮರ. ಅಮ್ಮ ಹೆದರಿದಳು. ನಾವು ತೋರಿಸಿದ ಡಾಕ್ಟರು ಹೈದರಾಬಾದಿನವರು, ತಾಳ್ಮೆಯ ಮನುಷ್ಯ. ದೃಷ್ಟಿ ಹೋದವರಿಗೆ ಮೆದುಳು ತಾನೇ ಚಿತ್ರ ಕಟ್ಟಿ ತೋರಿಸುವುದುಂಟು, ಅದು ಹುಚ್ಚಲ್ಲ ಎಂದರು. ಆದರೆ ಅದು ನಿಜವಲ್ಲವೆಂದು ಹೇಳಿದಾಗ ರೋಗಿ ಒಪ್ಪಬೇಕು. ಒಪ್ಪದೆ ಹಟ ಹಿಡಿದರೆ ಕಾಯಿಲೆ ಬೇರೆ, ಮಾತ್ರೆ ಶುರುಮಾಡಬೇಕಾಗುತ್ತದೆ. ಆ ಮಾತ್ರೆಯಲ್ಲಿ ದಿನದ ಹೆಚ್ಚು ಹೊತ್ತು ಮಂಪರಿರುತ್ತದೆ. ಎರಡು ವಾರ ಇಲ್ಲದ್ದು ಏನೇನು ಕಂಡಿತು ಎಂದು ಬರೆದು ತನ್ನಿ ಎಂದು ನನಗೆ ಹೇಳಿದರು.

ಅಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದರು. "ಡಾಕ್ಟರ್ ಸಾಬ್, ಆಂಖ್ ತೋ ಗಯೀ. ದಿಮಾಗ್ ಕೋ ಮತ್ ಸುಲಾಯಿಯೇ," ಎಂದರು. ಕಣ್ಣಂತೂ ಹೋಯಿತು, ಬುದ್ಧಿಯನ್ನು ಮಲಗಿಸಬೇಡಿ ಎಂದು. ಅಪ್ಪ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನೋಟ್‌ಪುಸ್ತಕದಲ್ಲಿ ಮೂರು ಕಾಲಂ ಎಳೆದೆ: ದಿನ, ಕಂಡದ್ದು, ಒಪ್ಪಿದರೇ. ಮೊದಲ ಹನ್ನೊಂದು ದಿನವೂ ಮೂರನೆಯ ಕಾಲಂನಲ್ಲಿ ಒಪ್ಪಿದರು ಎಂದೇ ಬರೆದೆ. "ಬಾಗಿಲ ಹತ್ರ ಯಾರಾದ್ರೂ ಉಂಟಾ?" ಎಂದು ಕೇಳುವರು. ನಾನು ಕಂಪ್ಯೂಟರಿನಿಂದ ತಲೆ ಎತ್ತದೆಯೇ ಯಾರೂ ಇಲ್ಲ ಅಪ್ಪ ಎನ್ನುವೆ. "ಹಾಗಾದ್ರೆ ನನ್ನ ಕಡೆಯವರು. ಇರ್ಲಿ ಬಿಡು," ಎಂದು ನಗುವರು.

ಹನ್ನೆರಡನೆಯ ದಿನದ ಚಿತ್ರ, ಹೆಸರು ತಿಳಿಯದ ಕಲಾವಿದನೊಬ್ಬ ಇಟಲಿಯ ಸಣ್ಣ ಊರಿನ ಚರ್ಚಿಗಾಗಿ ಮರದ ಹಲಗೆಯ ಮೇಲೆ ಬರೆದದ್ದು. ಚೌಕಳಿ ಕಲ್ಲು ಹಾಸಿದ ಅಂಗಳ, ಎಡಕ್ಕೆ ಮೆಟ್ಟಿಲು, ಮೆಟ್ಟಿಲ ಮೇಲೆ ಕಾಗದ ಹಿಡಿದ ದೂತ, ಹಿಂದೆ ಕಮಾನುಗಳ ಸಾಲು. ಐದು ಕಮಾನು ಎಂದು ಎಣಿಸಿ ಹೇಳಿದೆ. ಅಡಿಬರಹದಲ್ಲೂ ಐದೇ ಇತ್ತು.

"ನೆಲದ ಗೆರೆಗಳು ಎಲ್ಲಿ ಹೋಗಿ ಸೇರ್ತವೆ?" ಅಪ್ಪ ಕೇಳಿದರು.

ಪರದೆಯ ಮೇಲೆ ಸ್ಕೇಲ್ ಇಟ್ಟು ನೋಡಿದೆ. ದೂರ ಹೋದಂತೆ ಒಂದಕ್ಕೊಂದು ಹತ್ತಿರವಾಗುವ ಆ ಗೆರೆಗಳು ಎಡದಿಂದ ಮೂರನೆಯ ಮತ್ತು ನಾಲ್ಕನೆಯ ಕಮಾನಿನ ನಡುವಿನ ಕಂಬದಲ್ಲಿ ಸೇರುತ್ತಿದ್ದವು.

"ನೋಡು. ಆ ಸೇರುವ ಜಾಗ ಚಿತ್ರದ ನಡುಮಧ್ಯ ಇರ್ಬೇಕು. ಹಾಗಾದ್ರೆ ಕಮಾನು ಐದಲ್ಲ, ಆರು. ಬಲಗಡೆ ಕತ್ತರಿಸಿದ್ದಾರೆ."

ಇದರಲ್ಲಿ ವಿಚಿತ್ರವೇನೂ ಇಲ್ಲ. ಅದು ಅವರ ಕಸುಬಿನ ಲೆಕ್ಕ; ನನಗೇ ಹೊಳೆಯಬೇಕಿತ್ತು. ನಾನು ಗುರುತು ಮಾಡಿಕೊಳ್ಳುತ್ತಿದ್ದಾಗ ಅಪ್ಪ ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿದರು.

"ಆರನೇದರ ಕೆಳಗೆ ಒಬ್ಬಳು ಕೂತಿದ್ದಾಳೆ," ಎಂದರು. "ಬೋಗುಣಿಯಲ್ಲಿ ಕಾಲು ತೊಳೀತಾ ಇದ್ದಾಳೆ. ಒಂದು ಚಪ್ಪಲಿ ಮಗುಚಿ ಬಿದ್ದಿದೆ."

"ಅಪ್ಪ, ಚಿತ್ರ ಅಲ್ಲಿಗೆ ಮುಗೀತದೆ. ಅಲ್ಲಿ ಯಾರೂ ಇಲ್ಲ."

"ಇದ್ದಾಳೆ."

"ನಾನು ನೋಡ್ತಾ ಇದ್ದೇನಲ್ಲ?"

"ನೀನು ಕತ್ತರಿಸಿದ್ದನ್ನು ನೋಡ್ತಾ ಇದ್ದಿ," ಎಂದರು ಅಪ್ಪ. ಮತ್ತೆ, "ಈಗ ತಲೆ ಎತ್ತಿದಳು. ನಮ್ಮನ್ನೇ ನೋಡ್ತಾ ಇದ್ದಾಳೆ."

ಚಹಾ ತಂದ ಅಮ್ಮ, "ಯಾರದು ನಮ್ಮನೇಲಿ ಕಾಲು ತೊಳೆಯೋಳು? ಟ್ಯಾಂಕಿಯಲ್ಲಿ ನೀರಿಲ್ಲ ಅಂತ ನಾನು ಬೆಳಿಗ್ಗೆಯಿಂದ ವಾಚ್‌ಮನ್ ಹತ್ರ ಹೊಡೆದಾಡ್ತಾ ಇದ್ದೇನೆ," ಎಂದಳು. ನಾನು ಮತ್ತೆರಡು ಸಲ ಇಲ್ಲವೆಂದೆ. ಅಪ್ಪ ಒಪ್ಪಲಿಲ್ಲ. ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ. ಇದ್ದಾಳೆ ಎಂದಷ್ಟೇ ಹೇಳಿ ಚಹಾ ಕುಡಿದರು.

ನಾನು ನೋಟ್‌ಪುಸ್ತಕ ತೆರೆದೆ. ಅಮ್ಮ ಹಿಂದೆ ಬಂದು ನಿಂತಳು. "ಬರೀಲೇಬೇಕಾ?" ಎಂದು ಕೇಳಿದಳು. ಬರೆಯದಿದ್ದರೆ ಉಳಿದ ಹನ್ನೊಂದು ಸಾಲಿಗೂ ಅರ್ಥವಿಲ್ಲ ಎಂದೆ. ಮೂರನೆಯ ಕಾಲಂನಲ್ಲಿ ಒಪ್ಪಲಿಲ್ಲ ಎಂದು ಬರೆದೆ. ಅಪ್ಪನಿಗೆ ಮಾತ್ರೆ ಶುರುವಾಗಲು ಆ ಒಂದು ಸಾಲು ಸಾಕು ಎಂದು ಇಬ್ಬರಿಗೂ ಗೊತ್ತಿತ್ತು. ಅಮ್ಮ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಪಾದಕರಿಗೂ ಒಂದು ಇಮೇಲ್ ಕಳಿಸಿದೆ. ಕಮಾನು ಆರಿರಬೇಕು, ಪೂರ್ಣ ಫೋಟೋ ಕಳಿಸಿ ಎಂದಷ್ಟೇ ಬರೆದಿದ್ದೆ. ಹೆಂಗಸಿನ ಮಾತು ಅದರಲ್ಲಿ ಇರಲಿಲ್ಲ. ಖಚಿತಪಡಿಸಿಕೊಳ್ಳಲು ಆ ಇಮೇಲನ್ನು ಆಮೇಲೆ ಅನೇಕ ಸಲ ತೆರೆದು ನೋಡಿದ್ದೇನೆ.

ಡಾಕ್ಟರ ಬಳಿ ಹೋಗುವ ದಿನ ಬೆಳಿಗ್ಗೆ ಪೂರ್ಣ ಫೋಟೋದೊಂದಿಗೆ ಉತ್ತರ ಬಂತು. ಆರು ಕಮಾನುಗಳಿದ್ದವು. ಆರನೆಯದರ ಕೆಳಗೆ ಒಬ್ಬ ಹೆಂಗಸು ಕುಳಿತಿದ್ದಳು. ಪಾದ ಬೋಗುಣಿಯಲ್ಲಿ. ಪಕ್ಕದಲ್ಲಿ ಎರಡು ಚಪ್ಪಲಿಗಳು, ಒಂದು ಮಗುಚಿದ್ದು. ಅವಳ ಮುಖವಿರುವಲ್ಲಿ ಬಣ್ಣ ಉದುರಿ ಬರಿಯ ಮರ ಕಾಣುತ್ತಿತ್ತು. ತಲೆ ಎತ್ತಿದ್ದಳೋ ತಗ್ಗಿಸಿದ್ದಳೋ ಯಾರೂ ಹೇಳುವಂತಿಲ್ಲ.

ಸಂಪಾದಕರು ಕೆಳಗೆ ಎರಡು ಸಾಲು ಬರೆದಿದ್ದರು: ಆ ಬಲತುದಿ ಬಹುಕಾಲ ಮೇಲೆ ಬಳಿದ ಬಣ್ಣದಡಿ ಮುಚ್ಚಿಹೋಗಿದ್ದರಿಂದ ಹಳೆಯ ಫೋಟೋಗಳಲ್ಲಿ ಅದನ್ನು ಕತ್ತರಿಸಿದ್ದರು, ಈಚೆಗೆ ಶುಚಿಗೊಳಿಸಿದಾಗ ಹೊರಬಂತು, ಈ ಫೋಟೋ ಇನ್ನೂ ಎಲ್ಲೂ ಅಚ್ಚಾಗಿಲ್ಲ. ಅದು ಹೊರಬರುವ ಹೊತ್ತಿಗೆ ಅಪ್ಪನಿಗೆ ಬೆಳಕಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಹಾಗಿದ್ದರೂ ಕೇಳಿದೆ, ಮೊದಲೆಲ್ಲಾದರೂ ಈ ಚಿತ್ರ ನೋಡಿದ್ದಿರಾ ಎಂದು.

"ಎಲ್ಲಿ ನೋಡುವುದು? ರಜೆ ಸಿಕ್ಕಿದರೆ ಊರಿಗೆ ಓಡ್ತಿದ್ದೆ, ಇಟಲಿಗೆ ಯಾರು ಹೋಗ್ತಾರೆ?" ಎಂದರು. ಪೂರ್ಣ ಫೋಟೋ ಬಂದಿದೆ, ಅವಳಿದ್ದಾಳೆ ಎಂದೆ. ಅಪ್ಪ ಆಶ್ಚರ್ಯಪಡಲಿಲ್ಲ. "ಐದು ಅಂತ ಬರ್ದದ್ದನ್ನು ಸರಿ ಮಾಡಿದಿಯಾ?" ಎಂದು ಕೇಳಿದರು.

ಆಸ್ಪತ್ರೆಗೆ ಹೊರಡುವ ಮೊದಲು ನೋಟ್‌ಪುಸ್ತಕದಲ್ಲಿ ಹನ್ನೆರಡನೆಯ ದಿನದ ಸಾಲಿನ ಮೇಲೆ ಗೆರೆ ಎಳೆದೆ. ಇಲ್ಲದ್ದು ಕಂಡರೆ ಬರೆಯಿರಿ ಎಂದು ಡಾಕ್ಟರು ಹೇಳಿದ್ದರು, ಇದು ಇಲ್ಲದ್ದಲ್ಲ. ನನ್ನ ಮಟ್ಟಿಗೆ ತರ್ಕ ಸರಿಯಾಗಿತ್ತು. ಡಾಕ್ಟರು ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಂದು ಆ ಗೆರೆಯ ಬಳಿ ನಿಲ್ಲಿಸಿದರು. "ಯೇ ಕ್ಯೋಂ ಕಾಟಾ?" ಏಕೆ ಹೊಡೆದುಹಾಕಿದ್ದೀರಿ?

"ಗಲತೀ ಮೇರೀ ಥೀ," ಎಂದೆ. ತಪ್ಪು ನನ್ನದು. ಅಮ್ಮ ನೆಲ ನೋಡುತ್ತಿದ್ದಳು. ಡಾಕ್ಟರು ನನ್ನ ಮುಖವನ್ನು ಒಮ್ಮೆ ನೋಡಿ, ಮಾತ್ರೆ ಬೇಡ, ಆರು ತಿಂಗಳ ನಂತರ ಬನ್ನಿ ಎಂದರು. ನಾನು ಆಡಿದ್ದು ಸುಳ್ಳೋ ನಿಜವೋ ಇವತ್ತಿಗೂ ನಿರ್ಧರಿಸಲಾಗಿಲ್ಲ.

ನನಗೆ ತಿಳಿದ ವಿವರಣೆಗಳನ್ನೆಲ್ಲ ಪ್ರಯತ್ನಿಸಿದ್ದೇನೆ. ಮುಚ್ಚಿಹೋಗುವ ಮೊದಲು ಯಾರೋ ಮಾಡಿದ ನಕಲೊಂದು ಇದ್ದಿರಬಹುದು, ಅಪ್ಪ ಅದನ್ನು ಎಲ್ಲೋ ನೋಡಿ ಮರೆತಿರಬಹುದು. ಅಂಥ ನಕಲು ನನಗೆ ಸಿಕ್ಕಿಲ್ಲ. ಕಾಕತಾಳೀಯ ಎಂದು ಬಿಡೋಣವೆಂದರೆ ಆ ಮಗುಚಿದ ಚಪ್ಪಲಿ ಬಿಡುವುದಿಲ್ಲ. ಅದಾದ ಮೇಲೆ ಅಪ್ಪ ಚಿತ್ರಗಳ ಬಗ್ಗೆ ಹಾಗೆ ಇನ್ನೊಂದು ಮಾತು ಹೇಳಿಲ್ಲ. ನಾನೂ ಕೆದಕಿಲ್ಲ.

ಆದರೆ ಗೋಡೆಯ ಜನ, ಬಾಗಿಲ ಬಳಿಯವರು ಈಗಲೂ ಬರುತ್ತಾರೆ. ಯಾರಾದ್ರೂ ಉಂಟಾ ಎಂದು ಅಪ್ಪ ಕೇಳುತ್ತಾರೆ; ಇದ್ದದ್ದು ಯಾವುದು ಇಲ್ಲದ್ದು ಯಾವುದು ಎಂದು ತಿಳಿಯಲು ಅವರಿಗಿರುವುದು ನನ್ನ ಮಾತೊಂದೇ. ನಾನು ಎದ್ದು ಬಾಗಿಲವರೆಗೆ ಹೋಗುತ್ತೇನೆ. ಕೈಚಾಚಿ ಗಾಳಿಯನ್ನು ಮುಟ್ಟಿ ನೋಡುತ್ತೇನೆ.

"ನನಗೆ ಕಾಣುವುದಿಲ್ಲ ಅಪ್ಪ," ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.