ಕುರಿ ಏಳುವ ಮೊದಲು ಬಂದ ಗುರುವಾರ

ಹೊಲದ ಧಣಿ ಕುಡಿದಿದ್ದ, ಅದಕ್ಕೇ ಕುರಿಗಾರನ ಕೈ ಮುರಿದ. ಹುಮನಾಬಾದಿನಲ್ಲಿ ಎಲ್ಲರೂ ಹೇಳುವುದು ಹೀಗೆ. ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಹೋಟೆಲಿನಲ್ಲಿ ಚಹಾ ಅರ್ಧಕ್ಕೇ ಬಿಟ್ಟು ಎದ್ದು, ಬೈಕು ಒದ್ದು ಚಾಲೂ ಮಾಡಿ, ಕೆಸರು ಬದುವಿನ ಮೇಲೆ ಎಲ್ಲೂ ಬೀಳದೆ ಹೊಲ ಮುಟ್ಟಿದ ಮನುಷ್ಯ ಕುಡಿದಿದ್ದನೇ? ಅವನ ತಲೆಗೇರಿದ್ದು ನಮ್ಮ ಪಾಡ್‌ಕಾಸ್ಟ್‌ನ ಒಂದು ಕಂತು. ಅದು ಆ ಗುರುವಾರವೇ ಬರಬೇಕೆಂದು ಹಟ ಹಿಡಿದವನು ನಾನು. ಊರಿನ ಕಥೆಯಲ್ಲಿ ನಾನು ಇಲ್ಲವೇ ಇಲ್ಲ. ಅದರ ಮೇಲೆ ನನ್ನ ಮೊದಲ ತಕರಾರೂ ಅದೇ.

ಪಾಡ್‌ಕಾಸ್ಟ್ ನಡೆಸುತ್ತಿದ್ದವರು ಇಬ್ಬರು. ನಾನು ಬಸವಕಲ್ಯಾಣದವನು. ಗೆಳೆಯನದು ಹುಮನಾಬಾದಿನಲ್ಲಿ ಗಾದಿ ಅಂಗಡಿ. ಹಿಂದಿನ ಕೋಣೆಯ ಅರಳೆ ಮೂಟೆಗಳ ನಡುವೆ ಕೂತರೆ ಹೆದ್ದಾರಿಯ ಹಾರ್ನು ಕೇಳಿಸುತ್ತಿರಲಿಲ್ಲ. ಸುತ್ತಲಿನ ಹಳ್ಳಿಯವರನ್ನು ಅಲ್ಲಿ ಕೂರಿಸಿ, ಅವರ ಬದುಕನ್ನು ಅವರ ಬಾಯಿಂದಲೇ ಹೇಳಿಸಿ ರೆಕಾರ್ಡ್ ಮಾಡುತ್ತಿದ್ದೆವು. ಎಷ್ಟು ದಿನಕ್ಕೊಂದು ಕಂತು ಬಿಡಬೇಕು ಎನ್ನುವುದರ ಮೇಲೆ ಮೊದಲಿನಿಂದಲೂ ಜಗಳ. ವಾರಕ್ಕೊಂದು, ಗುರುವಾರ ಬೆಳಿಗ್ಗೆ ಏಳಕ್ಕೆ, ಎಂದು ನಾನು. ಸಂತೆ ವಾರ ತಪ್ಪದೆ ಕೂಡುತ್ತದೆ, ಅದಕ್ಕೇ ಜನ ತಪ್ಪದೆ ಬರುತ್ತಾರೆ ಎಂದೆ. ಮಾಣಿಕನಗರದ ಆಟೋ ಸ್ಟ್ಯಾಂಡಿನಲ್ಲಿ ನಿಂತು ಅವನು ನಕ್ಕ. "ಸಂತಿ ಕೂಡತದಲೇ. ಮಾರಾಕ ಕಾಯಿಪಲ್ಯಾ ಬೆಳೀಬೇಕಲ್ಲ?"

ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಒಂದೇ ವೇದಿಕೆಯ ಮೇಜು ಗುದ್ದಿ ಬೆಳೆದವರು ನಾವು. ಆಗಿನಿಂದಲೂ ನಮ್ಮೊಳಗೆ ಒಂದು ಕರಾರು: ವಾದದಲ್ಲಿ ಸೋತವನು ಗೆದ್ದವನ ಮಾತಿನಂತೆ ನಡೆಯಬೇಕು, ಬೆನ್ನ ಹಿಂದೆ ಬೇರೆ ಮಾಡಬಾರದು. ಅವತ್ತು ಅವನು ಸೋತ. ಗುರುವಾರ ಖಾಯಂ ಆಯಿತು.

ಕುರಿಗಾರ ಬಂದದ್ದು ಒಂದು ಶನಿವಾರ. ಕಾಕಾ ಎನ್ನುತ್ತಿದ್ದೆವು. ಬಿತ್ತುವ ಮೊದಲು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಕೂಡಿಸುವುದು ನಮ್ಮ ಕಡೆಯ ರೂಢಿ. ಬಲೆ ಕಟ್ಟಿ ಅದರೊಳಗೆ ಮಂದೆಯನ್ನು ಮಲಗಿಸುತ್ತಾರೆ. ಕಾಕಾ ಹೇಳಿದ್ದು ಇದು: ದುಬಲಗುಂಡಿ ಕಡೆ ಅಣ್ಣತಮ್ಮಂದಿರಿಬ್ಬರು ಅವನ ಮಂದೆ ಮೊದಲು ಯಾರ ಹೊಲದಲ್ಲಿ ಕೂಡಬೇಕೆಂದು ಬಡಿದಾಡಿದ್ದರು. ಅಣ್ಣ ಕೊಡಲಿಯ ಕಾವಿನಿಂದ ತಮ್ಮನ ನೆತ್ತಿ ಒಡೆದ. ಬಂಡಿಯಿಂದ ಬಿದ್ದ ಎಂದು ಊರಿಗೆ ಹೇಳಿದ. ತಮ್ಮನಿಗೆ ಮಾತೇ ನಿಂತುಹೋಗಿತ್ತು, ಅಲ್ಲವೆನ್ನಲು ಯಾರೂ ಇರಲಿಲ್ಲ. ಕಂಡವನು ಕಾಕಾ ಒಬ್ಬನೇ, ಮತ್ತು ಅವನ ಮಂದೆ ಈಗ ಕೂತಿದ್ದದ್ದು ಆ ಅಣ್ಣನ ಹೊಲದಲ್ಲೇ.

ಒಡೆದ ನೆತ್ತಿಯ ಸದ್ದು ಹೇಗಿತ್ತು ಎಂಬುದನ್ನೂ ಬಿಡದೆ ಹೇಳಿದ. ಹೆಸರು ಹಿಡಿಯಲಿಲ್ಲ, ಆದರೆ ಅವನ ದನಿ ಗುರುತಿಸದವರು ಆ ಸೀಮೆಯಲ್ಲಿಲ್ಲ. ಎದ್ದು ಹೋಗುವಾಗ ಒಂದು ಮಾತು ತೆಗೆದುಕೊಂಡ. "ತಮ್ಮಾ, ನನ್ನ ಕುರಿ ಆ ಹೊಲದಾಗಿಂದ ಏಳೋತನಕ ಇದನ್ನ ಹೊರಗ ಬಿಡಬ್ಯಾಡ್ರಿ." ಯಾವಾಗ ಏಳುತ್ತೀರಿ ಎಂದು ಕೇಳಿದೆ. ಬುಧವಾರ ಎದ್ದು ಚಿಟಗುಪ್ಪ ಕಡೆ ಹೋಗುತ್ತೇವೆ ಎಂದ. ಬುಧವಾರದ ಮರುದಿನ ಗುರುವಾರ. ನನಗೆ ಅಷ್ಟು ಸಾಕಾಯಿತು; ಗುರುವಾರ ಏಳಕ್ಕೆ ತಾನಾಗಿ ಹೊರಬೀಳುವಂತೆ ಕಂತನ್ನು ನಮ್ಮಿಬ್ಬರ ಖಾತೆಗೆ ಅಂದೇ ಏರಿಸಿಟ್ಟೆ.

ಮಂಗಳವಾರ ಜಡಿಮಳೆ ಹೊಡೆಯಿತು. ಬುಧವಾರ ಮುಂಜಾನೆ ಗೆಳೆಯ ಫೋನ್ ಮಾಡಿದ.

"ಎರಿ ಮಣ್ಣಿನ ಹೊಲ ಅದ. ಕಾಲ ಹುಗಿತಾವ, ಕುರಿ ಎದ್ದಿರಂಗಿಲ್ಲ. ಈ ವಾರ ತಡಿ."

"ಎದ್ದಿಲ್ಲಂತ ನಿನಗ ಯಾರ ಹೇಳ್ಯಾರ?"

"ಯಾರೂ ಹೇಳಿಲ್ಲ. ಕಾಕಾನ ಫೋನ್ ಬಂದ್ ಅದ."

"ಮತ್ತ? ನಿನ್ನ ಅಂದಾಜಿನ ಮ್ಯಾಲ ವಾರ ತಪ್ಪಸಬೇಕಾ? ಎದ್ದಿಲ್ಲಂತ ತೋರಸು, ನಿಲ್ಲಸ್ತೀನಿ."

ಅವನು ಸೋತ, ಫೋನ್ ಇಟ್ಟ. ಕುರಿ ಎದ್ದಿವೆ ಎಂದು ತೋರಿಸುವ ಹೊಣೆ ನಿಜವಾಗಿ ನನ್ನದು. ಬಸ್ಸು ಹತ್ತಿ ಹೋಗಿ ನೋಡಬಹುದಿತ್ತು. ಆ ಹೊಣೆಯನ್ನು ಎದುರಿನವನ ಹೆಗಲಿಗೆ ಜಾರಿಸುವುದು ನನಗೆ ಚೆನ್ನಾಗಿ ಬರುತ್ತದೆ. ಅದಕ್ಕೆ ಚಪ್ಪಾಳೆಯೂ ಬಿದ್ದಿದೆ.

ಗುರುವಾರ ಏಳಕ್ಕೆ ಕಂತು ಬಂತು. ಹತ್ತರ ಹೊತ್ತಿಗೆ ದುಬಲಗುಂಡಿಯ ಹೋಟೆಲಿನಲ್ಲಿ ಯಾರೋ ಅದನ್ನು ಫೋನಿನಲ್ಲಿ ಜೋರಾಗಿ ಹಚ್ಚಿದರು. ಅಣ್ಣ ಅಲ್ಲೇ ಕೂತಿದ್ದ. ಮುಂದಿನದನ್ನು ನಮಗೆ ಹೇಳಿದ್ದು ಕಾಕಾನ ಹೆಂಡತಿ. ಕುರಿ ಇನ್ನೂ ಎದ್ದಿರಲಿಲ್ಲ. ಅಣ್ಣ ಬಲೆಗೆ ಬಡಿದಿದ್ದ ಕಬ್ಬಿಣದ ಗೂಟ ಕಿತ್ತು ಮೊದಲು ಕಾಕಾನ ಬಾಯಿಗೇ ಹೊಡೆದನಂತೆ. ಮೈಮೇಲೆ ಹಾರಿದ ಮಂದೆಯ ನಾಯಿಯ ಬೆನ್ನು ಮುರಿದ. ನೆಲಕ್ಕೆ ಬಿದ್ದ ಕಾಕಾನ ಬಲಗೈ ಮೇಲೆ ಕಾಲಿಟ್ಟು ಮುಂಗೈಗೆ ಬಡಿದ, ಎಲುಬು ಹೊರಗೆ ಕಾಣುವ ತನಕ. ಒಂದೊಂದು ಏಟಿಗೂ ಕಂತಿನಲ್ಲಿ ಕಾಕಾ ಆಡಿದ ಮಾತನ್ನೇ ಅವನಿಗೆ ತಿರುಗಿ ಹೇಳುತ್ತಿದ್ದನಂತೆ, ಒಂದು ಅಕ್ಷರ ತಪ್ಪದೆ. ಕುಡಿದವನಿಗೆ ಅಷ್ಟು ನೆನಪಿರುತ್ತದೆಯೇ?

ಹುಮನಾಬಾದಿನ ಆಸ್ಪತ್ರೆಯಲ್ಲಿ ಕಾಕಾನ ತುಟಿ ಹೊಲಿದಿದ್ದರು. ಹೊಲಿಗೆಯ ಸಂದಿಯಿಂದಲೇ ಕೇಳಿದ. "ಏಳೋತನಕ ಅಂದಿದ್ದೆ ಅಲ್ಲೇನು ತಮ್ಮಾ?"

"ಬುಧವಾರ ಅಂತ ನೀವ ಹೇಳಿದ್ರಿ ಕಾಕಾ..." ಎಂದು ನಾನು ಶುರುಮಾಡಿದ್ದೆ.

ಮಾತು ಮುಗಿಯುವ ಮೊದಲೇ ಗೆಳೆಯನ ಕೈಯಲ್ಲಿದ್ದ ಹೆಲ್ಮೆಟ್ಟು ನನ್ನ ಮುಖಕ್ಕೆ ಅಪ್ಪಳಿಸಿತು. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ಎರಡನೆಯ ಏಟಿಗೆ ವಾರ್ಡಿನವರು ಅವನ ಕೈ ಹಿಡಿದರು. ಬಿಡಿಸಿಕೊಂಡು, ಅಲ್ಲೇ ನಿಂತು, ತನ್ನ ಫೋನು ತೆಗೆದು ಕಂತನ್ನು ಅಳಿಸಿದ. ಒಂದು ಬೆರಳು ಸಾಕಾಯಿತು. ರಕ್ತ ಉಗುಳುತ್ತ ನಾನು ಅದನ್ನೇ ನೋಡಿದೆ.

ಕಾಕಾನ ಬಲಗೈ ಈಗ ಮುಷ್ಟಿ ಕಟ್ಟುವುದಿಲ್ಲ. ಬಲೆಯ ಹಗ್ಗ ಎಳೆದು ಕಟ್ಟುವವಳು ಅವನ ಹೆಂಡತಿ.

ಮೊನ್ನೆ ಗೆಳೆಯ ತಾನಾಗಿ ಅಂಗಡಿಗೆ ಕರೆದ. ಮತ್ತೆ ಶುರು ಮಾಡೋಣ ಎಂದ: ವಾರಕ್ಕೊಂದಲ್ಲ, ತಿಂಗಳಿಗೊಂದೂ ಅಲ್ಲ, ಹೇಳಿದವರು ಬಿಡು ಎಂದ ದಿನ. ಅದಕ್ಕೆ ನನ್ನ ತಕರಾರಿಲ್ಲ. ಮುರಿದ ಹಲ್ಲಿಗೂ ಇಲ್ಲ. ಅವನು ನೆಲದ ಮೇಲೆ ಕೂತು ಗಾದಿಗೆ ಉದ್ದನೆಯ ಸೂಜಿ ಚುಚ್ಚಿ ಎಳೆಯುತ್ತಿದ್ದ. ನಾನು ಕೇಳಿದ್ದು ಒಂದೇ.

"ನನ್ನ ಕೂಡ ವಾದದಾಗ ಸೋತಿ, ಒಪ್ಪಿದೆ. ಆದ್ರ ಕುರಿ ಎದ್ದಿಲ್ಲಂತ ನಿನಗ ಅನಿಸಿತ್ತು, ಅಳಸೂ ಗುಂಡಿ ನಿನ್ನ ಫೋನಿನ್ಯಾಗೂ ಇತ್ತು. ಬುಧವಾರ ಇಡೀ ದಿನ ನೀ ಯಾಕ ಒತ್ತಲಿಲ್ಲ?"