ಈರಕ್ಕನ ಹೆಬ್ಬೆಟ್ಟು

ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇರುವಾಗ ನನ್ನನ್ನು ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ಒಂದು ಗ್ರಾಮ ಪಂಚಾಯಿತಿಗೆ ಪಿಡಿಒ ಆಗಿ ಹಾಕಿದರು. ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಬೀದಿದೀಪದಿಂದ ಹಿಡಿದು ಮನೆ ಹಂಚಿಕೆಯವರೆಗೆ ಎಲ್ಲದಕ್ಕೂ ಬೈಸಿಕೊಳ್ಳುವ ಮನುಷ್ಯ. ನನ್ನ ಊರು ಹೊಳಲ್ಕೆರೆ. ಧರ್ಮಪುರದ ಬಿಸಿಲೂ ಅಲ್ಲಿನ ಬಸ್ಸೂ ನನಗೆ ಒಗ್ಗಲಿಲ್ಲ. ಮಧ್ಯಾಹ್ನ ಮೂರಾಯಿತೆಂದರೆ ಗಡಿಯಾರ ನೋಡುವ ಚಾಳಿ ಬೆಳೆದಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ, ಆಗ ನಾನಿದ್ದದ್ದೇ ಹಾಗೆ.

ಆ ವರ್ಷ ಕುರಿಗಾರರ ಒಂದು ಹಟ್ಟಿಗೆ ಇಪ್ಪತ್ತೆರಡು ಮನೆ ಮಂಜೂರಾದವು. ಹಳೆಯ ಗುಡಿಸಲು ತೆಗೆದು ಅದೇ ಜಾಗದಲ್ಲಿ ಸಾಲಾಗಿ ಹೊಸ ಮನೆ ಕಟ್ಟಬೇಕು. ಜೊತೆಗೆ ಇನ್ನೊಂದು ಸಣ್ಣ ಅನುದಾನವೂ ಬಂತು. ನಕ್ಷೆ ಅಂತಿಮವಾಗುವ ಮೊದಲು ಹಟ್ಟಿಗೆ ಹೋಗಿ, ಜನರನ್ನು ಕೂರಿಸಿಕೊಂಡು, ಎಂಥ ಮನೆ ಬೇಕು ಎಂದು ಕೇಳಿ ಬರೆದುಕೊಳ್ಳುವುದಕ್ಕೆ. ಜನ ಕೇಳಿದರೆ ಇಂಜಿನಿಯರು ನಕ್ಷೆ ಬದಲಾಯಿಸಬಹುದಿತ್ತು. ಸುತ್ತೋಲೆಯಲ್ಲಿ ಇದಕ್ಕೆ 'ಸಮುದಾಯ ಸಹಭಾಗಿತ್ವ' ಎಂಬ ದೊಡ್ಡ ಹೆಸರು. ನಮ್ಮ ಕಚೇರಿಯಲ್ಲಿ 'ಶಾಮಿಯಾನದ ದುಡ್ಡು' ಎನ್ನುತ್ತಿದ್ದೆವು.

ಮಾರ್ಚ್ ಮುಗಿಯುವುದರೊಳಗೆ ಸಭೆ ಆಗಬೇಕು. ಆ ಹೊತ್ತಿಗೆ ಹಟ್ಟಿಯ ಅರ್ಧ ಜನ ಕುರಿ ಹೊಡೆದುಕೊಂಡು ಭದ್ರಾ ಕಾಲುವೆಯ ಗದ್ದೆಗಳ ಕಡೆ ಹೋಗಿರುತ್ತಾರೆ. ಅದು ನನಗೆ ಗೊತ್ತಿತ್ತು. ಉಳಿದವರನ್ನಾದರೂ ಹೋಗಿ ಕೇಳಬಹುದಿತ್ತು, ದಾರಿ ನಾಲ್ಕೇ ಕಿಲೋಮೀಟರ್. ನಾನು ಪಂಚಾಯಿತಿ ಮುಂದೆಯೇ ಶಾಮಿಯಾನ ಹಾಕಿಸಿ, ಫ್ಲೆಕ್ಸ್ ಕಟ್ಟಿಸಿ, ಉಪ್ಪಿಟ್ಟು ಕೇಸರಿಬಾತ್ ಮಾಡಿಸಿದೆ. ತಿಂದು ಹೋದವರು ಕೆಲವು ಸದಸ್ಯರು ಮತ್ತು ಬಸ್ಸಿಗೆ ಕಾಯುತ್ತಿದ್ದವರು. ಫೋಟೊ ಮಾತ್ರ ಚೆನ್ನಾಗಿ ಬಂತು.

ಹಾಜರಾತಿ ಪುಸ್ತಕದಲ್ಲಿ ಹಟ್ಟಿಯವರ ಹೆಸರೇ ಇರಲಿಲ್ಲ. ಮರುದಿನ ನಲ್ಲಿ ನೀರು ಬಿಡುವ ವಾಟರ್‌ಮನ್ ತಿಪ್ಪೇಶನ ಕೈಗೆ ಪುಸ್ತಕ ಕೊಟ್ಟು ರೇಷನ್ ಅಂಗಡಿಗೆ ಕಳಿಸಿದೆ.

"ಏನು ಅಂತ ಹೇಳಿ ಒತ್ತಿಸ್ಕಳ್ಲಿ ಸಾ?" ಎಂದ.

"ಏನೂ ಹೇಳಬೇಡ. ಸುಮ್ನೆ ಒತ್ತಿಸ್ಕಂಡು ಬಾ."

ಅಕ್ಕಿಗೆ ಸಾಲು ನಿಂತವರು ಮೆಷಿನ್ನಿಗೆ ಬೆರಳು ಕೊಟ್ಟು, ಪಕ್ಕದಲ್ಲಿದ್ದ ನನ್ನ ಪುಸ್ತಕಕ್ಕೂ ಹೆಬ್ಬೆಟ್ಟು ಒತ್ತಿ ಹೋದರು. ಅಭಿಪ್ರಾಯದ ಕಾಲಂನಲ್ಲಿ ನಾನೇ ಬರೆದೆ: 'ನಕ್ಷೆಗೆ ಎಲ್ಲರೂ ಒಪ್ಪಿರುತ್ತಾರೆ.'

ವರ್ಷ ತಿರುಗುವುದರೊಳಗೆ ಗೋಡೆಗೆ ಗೋಡೆ ತಾಗಿ ಇಪ್ಪತ್ತೆರಡು ಮನೆ ಎದ್ದವು. ಆಮೇಲೆ ಸಾಮಾಜಿಕ ಪರಿಶೋಧನೆ ಬಂತು. ಕಾಗದದಲ್ಲಿ ಇರುವಂತೆ ಕೆಲಸ ನಡೆದಿದೆಯೇ ಎಂದು ಹೊರಗಿನವರು ಬಂದು ಜನರ ಎದುರೇ ಓದಿ ಕೇಳುವ ಸಭೆ ಅದು. ಸಭೆ ಹಟ್ಟಿಯಲ್ಲೇ ನಡೆಯಿತು. ಪರಿಶೋಧನೆಗೆ ಬಂದಿದ್ದ ಹೆಣ್ಣುಮಗಳು ಚುರುಕು. ನಾನು ತೆಗೆಸಿದ್ದ ಶಾಮಿಯಾನದ ಫೋಟೊವನ್ನೊಮ್ಮೆ, ಎದುರು ಕುಳಿತ ಜನರನ್ನೊಮ್ಮೆ ನೋಡಿದಳು. ಪುಸ್ತಕದಲ್ಲಿದ್ದ ಮೊದಲ ಹೆಸರು ಕರೆದಳು. ಅರವತ್ತು ದಾಟಿದ ಈರಕ್ಕ ಎದ್ದು ನಿಂತಳು.

"ಮನೆ ಕಟ್ಟೋಕೆ ಮುಂಚೆ ಸಭೆಗೆ ಬಂದಿದ್ರಾ ಅಜ್ಜಿ? ಮನೆ ಹೆಂಗಿರಬೇಕು ಅಂತ ನಿಮ್ಮನ್ನ ಕೇಳಿದ್ರಾ?"

ಈರಕ್ಕ ನನ್ನ ಕಡೆ ನೋಡಿದಳು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು, ಅವಳ ಕಣ್ಣಲ್ಲಿ ಇದ್ದದ್ದು ಹೆದರಿಕೆ.

"ಬಂದಿದ್ದೆ ಕಣವ್ವ. ಕೇಳಿದ್ರು. ಹಿಂಗೇ ಇರ್ಲಿ ಅಂತ ನಾವೇ ಅಂದ್ವಿ."

ಉಳಿದವರೂ ತಲೆಯಾಡಿಸಿದರು. ಆ ಹೆಣ್ಣುಮಗಳು ಬರೆದುಕೊಂಡಳು. ನಾನು ಕೆಳಗೆ ಸಹಿ ಹಾಕಿದೆ.

ಸಭೆ ಮುಗಿದ ಮೇಲೆ ಈರಕ್ಕನ ಹಿಂದೆ ಹೋಗಿ, "ಯಾಕೆ ಹಂಗಂದ್ರಿ?" ಎಂದು ಕೇಳಿದೆ.

"ಇಲ್ಲ ಅಂದ್ರೆ ಮನೆ ಕಿತ್ಕಂತಾರೆ ಅಂತ ಹಟ್ಟಿಯಾಗೆಲ್ಲ ಅಂದ್ರು. ಗುಡ್ಲು ಆಗಲೇ ಕೆಡವಿ ಆಗೈತೆ. ಇದೂ ಹೋದ್ರೆ ಮರಿಗಳ್ನ ಎಲ್ಲಿ ಮಡಗ್ಲಿ ಸ್ವಾಮಿ?"

ಹೀಗೆಂದು ಬಾಗಿಲು ತಳ್ಳಿದಳು. ಒಳಗೆ ಹೊಸ ಟೈಲ್ಸಿನ ಮೇಲೆ ಹದಿನೈದಿಪ್ಪತ್ತು ಕುರಿಮರಿಗಳು. ದೊಡ್ಡ ಕುರಿಗಳಿಗೆ ಹಟ್ಟಿಯಾಚೆ ಮುಳ್ಳುಬೇಲಿಯ ರೊಪ್ಪ ಇತ್ತು. ಆದರೆ ಎಳೆಯ ಮರಿಗಳು ತಾಯಿಯ ಜೊತೆ ಮೇಯಲು ಹೋಗಲಾರವು, ಅವನ್ನು ಮನೆಗೆ ಆನಿಸಿದ ಗೂಡಿನಲ್ಲಿ ಬಿಟ್ಟು ಸಾಕುತ್ತಾರೆ. ನನ್ನ ನಕ್ಷೆಯಲ್ಲಿ ಗೂಡಿಗೆ ಜಾಗವಿರಲಿಲ್ಲ. ಮೊದಲ ತಿಂಗಳು ಮನೆ ಮುಂದೆ ಬಲೆ ಕಟ್ಟಿ ಬಿಟ್ಟಿದ್ದರಂತೆ. ತೋಳ ಬಂದು ಏಳು ಮರಿ ಹೊತ್ತೊಯ್ದಿತ್ತು. ಅಂದಿನಿಂದ ಮನೆ ಮರಿಗಳಿಗೆ, ಈರಕ್ಕ ಮತ್ತು ಅವಳ ಗಂಡ ಹೊರಗೆ ಜಗಲಿಯ ಮೇಲೆ.

"ಹಿಂದ್ಗಡೆ ನಾಕು ಮಾರು ಜಾಗ ಬಿಟ್ಟಿದ್ರೆ ಸಾಕಾಗಿತ್ತು," ಎಂದಳು. "ಕೇಳಿದ್ರೆ ಅಷ್ಟೇ ಹೇಳ್ತಿದ್ವಿ. ಹೆಬ್ಬೆಟ್ಟು ಅಕ್ಕಿಗೆ ಅಂದ್ಕಂಡಿದ್ದೆ ಸ್ವಾಮಿ."

ಆ ಗಳಿಗೆಗೆ ತೋಚಿದಂತೆ, ನರೇಗಾದಲ್ಲಿ ಕುರಿ ಶೆಡ್ ಹಾಕಿಸಿಕೊಡುತ್ತೇನೆ ಎಂದೆ. ಶೆಡ್ಡಿಗೂ ಮನೆ ಪಕ್ಕ ಜಾಗ ಬೇಕಲ್ಲ, ಇದ್ದ ಜಾಗವನ್ನೆಲ್ಲ ನನ್ನ ಮನೆಗಳೇ ತಿಂದಿದ್ದವು. ಪರಿಶೋಧನೆಯ ಹೆಣ್ಣುಮಗಳು ಐವತ್ತು ಹೆಜ್ಜೆ ದೂರದಲ್ಲಿ ಬೇವಿನ ಮರದ ಕೆಳಗೆ ಟೀ ಕುಡಿಯುತ್ತಿದ್ದಳು. ಹೋಗಿ ನಿಜ ಹೇಳಿದ್ದರೆ ಅವಳು ವರದಿಯಲ್ಲಿ ಬರೆಯುತ್ತಿದ್ದಳು. ಹಟ್ಟಿಗೆ ಪಕ್ಕದ ಸರ್ಕಾರಿ ಜಾಗದಲ್ಲಾದರೂ ಏನಾದರೊಂದು ದಾರಿಯಾಗುತ್ತಿತ್ತು. ನಾನು ಅಮಾನತಾಗುತ್ತಿದ್ದೆ. ಐವತ್ತು ಹೆಜ್ಜೆ ನಡೆಯಲಿಲ್ಲ. ಜೀಪು ಹತ್ತಿದೆ.

ನನ್ನ ಸೇವಾ ಪುಸ್ತಕದಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲ. ಒಬ್ಬ ಹೆಂಗಸು ಹೆದರಿ ಹೇಳಿದ ಸುಳ್ಳು ಅದನ್ನು ಕಾಪಾಡಿತು. ಮನೆ ಕೊಡುವವನ ಎದುರು ಮನೆ ಬೇಕಾದವರು ಹೇಳುವ 'ಹೂಂ' ಒಪ್ಪಿಗೆಯಲ್ಲ ಎಂಬುದನ್ನು ಕೆಲಸ ನನಗೆ ಅಂದು ಕಲಿಸಿತು. ಚಿತ್ರದುರ್ಗದಲ್ಲಿ ಹೊಸ ಪಿಡಿಒಗಳ ತರಬೇತಿಗೆ ಈಗಲೂ ನನ್ನನ್ನು ಕರೆಯುತ್ತಾರೆ. ಪ್ರತಿ ಸಲವೂ ಈ ಕಥೆಯನ್ನೇ ಹೇಳುತ್ತೇನೆ. ಎಲ್ಲೋ ಒಬ್ಬ ಪಿಡಿಒ ಹೀಗೆ ಮಾಡಿದ್ದನಂತೆ ಎಂದೇ ಶುರು ಮಾಡುತ್ತೇನೆ.