ಯಾರ ಕಡಿಯಿಂದ ಬಂದೀರಿ?

ನಮ್ಮಲ್ಲಿ ಠಾಣೆಗೆ ಹೋದವರನ್ನು ಮೊದಲು ಕೇಳುವುದು ಏನಾಯಿತು ಎಂದಲ್ಲ. "ಯಾರ ಕಡಿಯಿಂದ ಬಂದೀರಿ?"

ಅಕ್ಕನ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ನೇತಾಡುತ್ತಿತ್ತು. ಬಚ್ಚಲ ನೀರು ಓಣಿಗೆ ಹರಿಯಿತೆಂದು ಪಕ್ಕದ ಮನೆಯವನು ಕಟ್ಟಿಗೆಯಿಂದ ಹೊಡೆದು ಮಣಿಕಟ್ಟು ಮುರಿದಿದ್ದ. ಅಕ್ಕ ಕುಪ್ಪಸ ಹೊಲಿದು ಬದುಕುವವಳು. ಹೊಡೆದವನ ಮೇಲೆ ಕೇಸು ಆಗಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು.

ಠಾಣೆಯ ಮುಂದೆ ಬೇವಿನ ಮರವಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಮರ ಇರಲಿಲ್ಲ. ನೆನಪು ಸುಮ್ಮನೆ ನೆರಳು ತಂದಿಡುತ್ತದೆ. ಇದ್ದದ್ದು ಬಿಸಿಲು, ಜಪ್ತಿಯಾಗಿ ತುಕ್ಕು ಹಿಡಿದ ಬೈಕುಗಳು.

"ಯಾರ ಕಡಿಯಿಂದಾನೂ ಅಲ್ರಿ, ನಾನಾ ಬಂದೀನಿ," ಎಂದಳು ಅಕ್ಕ.

ಪೇದೆ ನಕ್ಕ. "ಹಂಗಾದ್ರ ಕುಂದರ್ರಿ."

ಅಕ್ಕ, ಅವ್ವ, ನಾನು ಮೂವರೂ ಕುಳಿತೆವು. ಮಧ್ಯಾಹ್ನದವರೆಗೆ ಎನ್ನುತ್ತಾಳೆ ಅಕ್ಕ, ಸಂಜೆಯವರೆಗೆ ಎನ್ನುತ್ತಾಳೆ ಅವ್ವ. ಕೊನೆಗೆ ಅವ್ವ ನನ್ನ ಮೊಬೈಲು ಕಸಿದುಕೊಂಡು, ನಾವು ವೋಟು ಹಾಕಿ ಗೆಲ್ಲಿಸಿದ ಪಂಚಾಯಿತಿ ಮೆಂಬರನಿಗೆ ಹೇಳಿದಳು: "ಯಪ್ಪಾ, ಸ್ಟೇಷನ್ನಿಗೆ ಒಂದ್ ಮಾತು ಹೇಳಪ್ಪ."

ಠಾಣೆಯ ಸಾಹೇಬರನ್ನು ನಾವು ಆರಿಸುವುದಿಲ್ಲ. ಠಾಣೆಗೆ ಫೋನು ಹಚ್ಚುವವನನ್ನು ಆರಿಸುತ್ತೇವೆ. ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ಯಾವ ಚಾದಂಗಡಿಯಲ್ಲಿ ಕುಳಿತರೂ ಗೆದ್ದವನನ್ನು ಅಳೆಯುವುದು ಇದರಲ್ಲೇ. ಯಾರ ಫೋನೂ ಇಲ್ಲದೆ ದೂರು ಬರೆದುಕೊಳ್ಳುವ ಹಾಗೆ ಮಾಡು ಎಂದು ಯಾರೂ ಅವನನ್ನು ಕೇಳಿದ್ದಿಲ್ಲ. ನಾವೂ ಕೇಳಿರಲಿಲ್ಲ.

ಅವನು ಫೋನು ಹಚ್ಚಿದ. ನಮಗೆ ಚಾ ಬಂತು. ಸಾಹೇಬರು ಒಳಗೆ ಕರೆದರು.

"ನಿಮ್ಮ ಮೆಂಬರ್ರು ಹೇಳ್ಯಾರ. ಎರಡೂ ಮನಿ ನಮ್ಮವ, ರಾಜಿ ಮಾಡಿ ಕಳಿಸ್ರಿ ಅಂತ."

ಪಕ್ಕದ ಮನೆಯವನೂ ಅವನಿಗೇ ವೋಟು ಹಾಕಿದ್ದ. ಬೆಳಿಗ್ಗೆಯೇ ಅವನೂ ಮೆಂಬರನಿಂದ ಠಾಣೆಗೆ ಹೇಳಿಸಿದ್ದ.

"ಮನಿ ಅವರದು ಇರವಲ್ದ್ಯಾಕ. ಈ ಕೈ ಯಾರದ್ರಿ?" ಎಂದಳು ಅಕ್ಕ.

ಸಾಹೇಬರು ತಲೆ ತಗ್ಗಿಸಿದರು ಎಂದು ಬರೆಯಲು ಕೈ ಹೋಗುತ್ತದೆ. ತಗ್ಗಿಸಿದ್ದು ಹೌದು, ಮೊಬೈಲು ನೋಡಲು. ಚೆಂದಾಗಿ ಓದು ಬರಹ ಬರುವ ಅಕ್ಕ ರಾಜಿ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದಳು. ಪೆನ್ನು ಹಿಡಿಯುವ ಕೈ ಮುರಿದಿತ್ತಲ್ಲ.

ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ. ಕುಪ್ಪಸ ಬಿಟ್ಟು ಸೀರೆಗೆ ಫಾಲ್ ಹಚ್ಚುತ್ತಾಳೆ. ಮೊನ್ನೆ ಮೆಂಬರ ಮತ್ತೆ ವೋಟು ಕೇಳಲು ಬಂದ.

"ಅಕ್ಕಾ, ಅವತ್ತು ಅಂದ ಕೂಡ್ಲೆ ಫೋನ್ ಹಚ್ಚೀನಿ. ಮರೀಬ್ಯಾಡ."

"ಮರ್ತಿಲ್ಲಪ್ಪ. ಈ ಸಲ ಫೋನ್ ಹಚ್ಚದಂಥವಗ ಹಾಕ್ತೀನಿ," ಎಂದಳು ಅಕ್ಕ.

"ಅಂಥವ ಯಾರೂ ನಿಂತಿಲ್ಲಲ್ಲಕ್ಕ!"

ಅವನ ಜೊತೆ ಬಂದವರೆಲ್ಲ ನಕ್ಕರು. ಅವ್ವನೂ ನಕ್ಕಳು. ಅಕ್ಕ ತಲೆಯೆತ್ತದೆ ಎಡಗೈಯಲ್ಲಿ ಸೂಜಿ ಎಳೆಯುತ್ತಿದ್ದಳು. ಅವ್ವ ನನ್ನ ಕಿವಿಯ ಹತ್ತಿರ ಬಂದು, "ನಾಳೆ ಬೇಕಾಗ್ತಾನ," ಎಂದು ಒಳಗೆ ಚಾಕ್ಕೆ ನೀರಿಡಲು ಹೋದಳು.